ಒಡ್ಡು ಕಟ್ಟಿದವರು, ಒಡ್ಡು ಕಾಯ್ದವರು
(ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ನೀರಿನ ಇತಿಹಾಸದ ಒಂದು ಅವಲೋಕನ)

ಒಂದು ಸೀಮೆಯ ಇತಿಹಾಸವನ್ನು ಬರೆಯಹೊರಟವರು ಸಾಮಾನ್ಯವಾಗಿ ಅರಸರ ಹೆಸರುಗಳಿಂದ ಆರಂಭಿಸುತ್ತಾರೆ. ನಮ್ಮ ಸೀಮೆಗೂ ಅರಸರ ಕೊರತೆಯಿರಲಿಲ್ಲ. ಜಮಖಂಡಿಯನ್ನು 1811ರಿಂದ ಪಟವರ್ಧನರು ಆಳಿದರು. ಮುಧೋಳವನ್ನು ಘೋರ್ಪಡೆ ಮನೆತನದವರು ಆಳಿದರು. ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದರೆ, ಅದಕ್ಕೆ ಅಂಟಿಕೊಂಡಿರುವ ಬನಹಟ್ಟಿ ಜಮಖಂಡಿ ಸಂಸ್ಥಾನದ್ದಾಗಿತ್ತು. ಬೀಳಗಿಯು ಬ್ರಿಟಿಷರ ಜಿಲ್ಲೆಯೊಳಗಿತ್ತು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. 1956ರಲ್ಲಿ ಈ ನಾಡೆಲ್ಲವೂ ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ವಿಜಾಪುರ ಜಿಲ್ಲೆಯಿಂದ ಬೇರ್ಪಟ್ಟು ಬಾಗಲಕೋಟೆ ಜಿಲ್ಲೆಯಾಯಿತು.

ಇದು ಆಳಿದವರ ಇತಿಹಾಸ. ಉತ್ತವರಿಗೂ ಒಂದು ಇತಿಹಾಸವುಂಟು. ಬಿದ್ದ ಮಳೆ ಎಲ್ಲಿ ನಿಂತಿತು, ಅದನ್ನು ಯಾರು ನಿಲ್ಲಿಸಿದರು, ಎಷ್ಟು ಕಾಲ ನಿಂತಿತು, ಯಾವಾಗ ಮತ್ತು ಏತಕ್ಕಾಗಿ ಒಡೆದುಹೋಯಿತು ಎಂಬ ಪ್ರಶ್ನೆಗಳೇ ಆ ಇತಿಹಾಸದ ಅಧ್ಯಾಯಗಳು. ಶತಮಾನೋತ್ಸವದ ಸ್ಮರಣ ಸಂಚಿಕೆಯೊಂದರಲ್ಲಿ ಕೆರೆಯ ಮಣ್ಣೊಡ್ಡಿನ ಮಾತೇಕೆ ಎಂದು ವಾಚಕರು ಕೇಳಬಹುದು. ನೂರು ವರ್ಷ ಬಾಳುವ ಯಾವ ಕಟ್ಟಡವೂ ಕಟ್ಟಿದವರಿಂದ ಮಾತ್ರ ಬಾಳುವುದಿಲ್ಲ, ಕಾಯ್ದವರಿಂದ ಬಾಳುತ್ತದೆ. ಈ ಮಾತಿಗೆ ಕೆರೆಯ ಒಡ್ಡಿಗಿಂತ ಸ್ಪಷ್ಟವಾದ ದೃಷ್ಟಾಂತ ನನಗೆ ತೋರಿಲ್ಲ.

ಎರಡು ಹೊಳೆಗಳ ನಡುವೆ ಬರ

ನಮ್ಮ ಸೀಮೆಯ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ ಹರಿಯುತ್ತವೆ. ನಕ್ಷೆಯನ್ನು ನೋಡಿದವರು ಇಲ್ಲಿ ನೀರಿನ ಬಡತನವಿದೆಯೆಂದರೆ ನಂಬಲಾರರು. ಆದರೆ ಈ ಹೊಳೆಗಳು ತುಂಬುವುದು ಸಹ್ಯಾದ್ರಿಯ ಮಳೆಯಿಂದ; ನಮ್ಮ ಹೊಲಗಳ ಮೇಲೆ ವರುಷಕ್ಕೆ ಬೀಳುವ ಮಳೆ ಸುಮಾರು 550ರಿಂದ 600 ಮಿಲಿಮೀಟರು ಮಾತ್ರ, ಅದೂ ಕೆಲವೇ ದಿನಗಳಲ್ಲಿ. ಹೊಳೆ ಆಳದಲ್ಲಿದೆ, ಹೊಲ ದಿಬ್ಬದ ಮೇಲಿದೆ. ಎಂಜಿನ್ನೂ ವಿದ್ಯುತ್ತೂ ಬರುವ ಮೊದಲು ದಂಡೆಯಿಂದ ಎರಡು ಹರದಾರಿ ದೂರದ ರೈತನಿಗೆ ಕೃಷ್ಣೆಯು ಕಣ್ಣಿಗೆ ಕಾಣುವ, ಕೈಗೆ ಎಟುಕದ ಸಂಪತ್ತಾಗಿತ್ತು. ಬನಹಟ್ಟಿ, ರಬಕವಿಗಳ ನೇಕಾರರ ಕಷ್ಟವೂ ಬೇರೆಯಲ್ಲ. ನೂಲು ನೆನೆಯಿಸಲು, ಬಣ್ಣ ಹಾಕಲು, ತೊಳೆಯಲು ನೀರೇ ಬೇಕು; ಮೇಲಾಗಿ ರೈತನ ಬೆಳೆ ಒಣಗಿದ ವರುಷ ಸೀರೆ ಕೊಳ್ಳುವವರೂ ಇರುವುದಿಲ್ಲ.

ಈ ಸೀಮೆಯ ಜನರ ನೆನಪಿನಲ್ಲಿ ಎರಡು ಬರಗಳು ಬಹುಕಾಲ ಉಳಿದವು. ಮೊದಲನೆಯದು 1791-92ರ ಡೋಗಿ ಬರ. ಹೂಳುವವರಿಲ್ಲದೆ ಬಿದ್ದ ತಲೆಬುರುಡೆಗಳಿಂದ ನೆಲವೇ ಮುಚ್ಚಿಹೋಗಿತ್ತೆಂದು ಅದಕ್ಕೆ ಆ ಹೆಸರು. ಎರಡನೆಯದು 1876-77ರ ಮಹಾಕ್ಷಾಮ. 1872ರ ಜನಗಣತಿಯನ್ನೂ 1881ರ ಜನಗಣತಿಯನ್ನೂ ಹೋಲಿಸಿದರೆ ಅಂದಿನ ಕಲಾದಗಿ ಜಿಲ್ಲೆಯು ತನ್ನ ಜನರಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಕಳೆದುಕೊಂಡದ್ದು ಕಂಡುಬರುತ್ತದೆ. ಸತ್ತವರೂ ಊರು ಬಿಟ್ಟು ಹೋದವರೂ ಇದರಲ್ಲಿ ಸೇರಿದ್ದಾರೆ. ಹೊಳೆಗಳೆರಡೂ ಇದ್ದ ಸೀಮೆಯಲ್ಲಿ ಹೀಗಾಯಿತೆಂಬುದನ್ನು ನಾವು ಮರೆಯಬಾರದು. ನೀರು ಸನಿಹದಲ್ಲಿರುವುದು ಬೇರೆ, ಅದು ನಿಂತು ನಮಗಾಗಿ ಕಾಯುವುದು ಬೇರೆ. ನೀರನ್ನು ನಿಲ್ಲಿಸುವ ವಿದ್ಯೆಗೆ ನಮ್ಮ ಪೂರ್ವಿಕರು ಇಟ್ಟ ಹೆಸರು ಒಡ್ಡು.

ಮಣ್ಣಿನ ಗುಟ್ಟು

ಮಣ್ಣನ್ನು ರಾಶಿ ಹಾಕಿದರೆ ಒಡ್ಡಾಗುತ್ತದೆಂದು ತಿಳಿದವರ ಕೆರೆಯು ಮೊದಲ ಮಳೆಗಾಲವನ್ನು ಕಾಣುವುದೇ ಕಷ್ಟ. ಎರಡು ದಿಬ್ಬಗಳು ಹತ್ತಿರ ಸರಿದು, ಅವುಗಳ ಹಿಂದೆ ನೆಲವು ಬೋಗುಣಿಯಂತೆ ಅಗಲವಾಗಿರುವ ಸ್ಥಳವನ್ನು ಮೊದಲು ಆರಿಸಬೇಕು. ಆಗ ಚಿಕ್ಕ ಒಡ್ಡು ದೊಡ್ಡ ನೀರನ್ನು ಹಿಡಿಯುತ್ತದೆ. ಆ ಬಳಿಕ ಮೇಲ್ಮಣ್ಣು, ಬೇರು, ಹುಲ್ಲುಗಳನ್ನೆಲ್ಲ ಕೆತ್ತಿ ತೆಗೆದು, ಒಡ್ಡಿನ ಉದ್ದಕ್ಕೂ ನಡುವೆ ಗಟ್ಟಿ ನೆಲ ಸಿಗುವವರೆಗೆ ಕಂದಕ ತೋಡಬೇಕು. ಆ ಕಂದಕವನ್ನು ಜಿಗುಟಾದ ಮಣ್ಣಿನಿಂದ ತುಂಬಿ, ಅದೇ ಮಣ್ಣನ್ನು ಒಡ್ಡಿನ ಗರ್ಭವಾಗಿ ಮೇಲಕ್ಕೆ ಎಬ್ಬಿಸುತ್ತ ಹೋಗಬೇಕು. ನೀರು ಒಡ್ಡಿನ ಅಡಿಯಿಂದ ನುಸುಳದಂತೆ ತಡೆಯುವುದು ಈ ಗರ್ಭವೇ.

ಇಲ್ಲಿ ನಮ್ಮ ನೆಲದ ಒಂದು ವಿಶೇಷವನ್ನು ಹೇಳಬೇಕು. ನಮ್ಮ ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕೈ ಹಿಡಿಯುವಷ್ಟು ಬಿರಿಯುತ್ತದೆ. ಬರಿಯ ಎರೆಮಣ್ಣಿನಿಂದ ಕಟ್ಟಿದ ಒಡ್ಡು ಬೇಸಿಗೆಯಲ್ಲಿ ಸೀಳಿ, ಮಳೆಗಾಲದಲ್ಲಿ ಆ ಸೀಳಿನಿಂದಲೇ ಒಡೆಯುತ್ತದೆ. ಬರಿಯ ಗರಸಿನಿಂದ ಕಟ್ಟಿದ ಒಡ್ಡು ಬಿರಿಯುವುದಿಲ್ಲ, ಆದರೆ ನೀರನ್ನು ಹಿಡಿಯುವುದೂ ಇಲ್ಲ. ಆದುದರಿಂದ ಎರೆಯನ್ನು ಒಳಗಿಟ್ಟು, ಅದು ಒಣಗದಂತೆ ಗರಸನ್ನು ಹೊರಗೆ ಹೊದಿಸುವುದು ಕ್ರಮ. ಒಂದರ ದೋಷವನ್ನು ಇನ್ನೊಂದು ಮುಚ್ಚುತ್ತದೆ. ಕೂಡಿ ನಿಂತರೆ ಎರಡೂ ಉಪಯುಕ್ತ.

ಮಣ್ಣನ್ನು ಗೇಣುದ್ದದ ಪದರಪದರವಾಗಿ ಹರಡಿ, ನೀರು ಚಿಮುಕಿಸಿ, ಪ್ರತಿಯೊಂದು ಪದರವನ್ನೂ ತುಳಿಸಬೇಕು. ಹಿಂದೆ ದನಗಳನ್ನೂ ಕುರಿಗಳನ್ನೂ ಒಡ್ಡಿನ ಮೇಲೆ ಓಡಾಡಿಸಿ ಈ ಕೆಲಸ ಮಾಡಿಸುತ್ತಿದ್ದರು. ಇಂದಿನ ಯಂತ್ರಕ್ಕೂ ಎಂಜಿನಿಯರರು ಕುರಿಪಾದದ ರೋಲರು ಎಂದೇ ಹೆಸರಿಟ್ಟಿದ್ದಾರೆ. ಇನ್ನು ಇಳಿಜಾರು: ಎತ್ತರದ ಪ್ರತಿ ಅಡಿಗೆ ನೀರಿನ ಮಗ್ಗುಲಲ್ಲಿ ಮೂರು ಅಡಿ, ಹೊರಮಗ್ಗುಲಲ್ಲಿ ಎರಡು ಅಡಿ ಹರವು ಇರಬೇಕೆಂದು ಲೆಕ್ಕ ಹಿಡಿಯೋಣ. 15 ಅಡಿ ಎತ್ತರದ ಒಡ್ಡಿಗೆ 6 ಅಡಿ ಅಗಲದ ನೆತ್ತಿಯಿಟ್ಟರೆ ಬುಡದ ಅಗಲ 81 ಅಡಿಯಾಗುತ್ತದೆ. ಕಾಣುವ ಎತ್ತರಕ್ಕಿಂತ ಕಾಣದ ಬುಡವೇ ದೊಡ್ಡದು. ಹೊಸ ಮಣ್ಣು ಕಾಲಕ್ರಮದಲ್ಲಿ ಕುಸಿದು ಕೂಡುವುದರಿಂದ ಎತ್ತರವನ್ನು ತುಸು ಹೆಚ್ಚಾಗಿಯೇ ಇಡುತ್ತಾರೆ. ಅಲೆ ಬಡಿಯುವ ಮಗ್ಗುಲಿಗೆ ಕಲ್ಲು ಹೊದಿಕೆ, ಹೊರಮಗ್ಗುಲಿಗೆ ಗರಿಕೆ ಹುಲ್ಲು. ನೀರು ಬಿಡಲು ತೂಬು. ಮಿಕ್ಕ ನೀರು ಹೋಗಲು ಕೋಡಿ. ಮಣ್ಣೊಡ್ಡಿನ ಪ್ರಾಣವು ಕೋಡಿಯಲ್ಲಿದೆ. ಕಲ್ಲಿನ ಕಟ್ಟೆಯ ತಲೆಯ ಮೇಲೆ ನೀರು ಹರಿದರೂ ಅದು ತಾಳಬಹುದು. ಮಣ್ಣಿನ ಒಡ್ಡಿನ ತಲೆಯ ಮೇಲೆ ನೀರು ಹರಿಯಿತೆಂದರೆ ಕೆಲವು ಗಳಿಗೆಗಳಲ್ಲಿ ಎಲ್ಲವೂ ಮುಗಿಯುತ್ತದೆ.

ಈ ವಿದ್ಯೆಯನ್ನು ಗ್ರಂಥಗಳಿಲ್ಲದೆ ತಲೆತಲಾಂತರದಿಂದ ಕಾಪಾಡಿಕೊಂಡು ಬಂದವರು ಭೋವಿ ವಡ್ಡರ ಸಮುದಾಯದವರು. ಹೆಂಡಿರು ಮಕ್ಕಳೊಡನೆ, ಮಣ್ಣು ಹೊರುವ ಕತ್ತೆಗಳೊಡನೆ ಊರಿಂದೂರಿಗೆ ನಡೆದು, ಅಗೆದ ಕುಣಿಯ ಅಳತೆಯ ಮೇಲೆ ಕೂಲಿ ಪಡೆದು ಅವರು ಈ ನಾಡಿನ ಒಡ್ಡುಗಳನ್ನು ಕಟ್ಟಿದರು. ಅಗೆದ ಆಳಕ್ಕೆ ಸಾಕ್ಷಿಯಾಗಿ ಕುಣಿಯ ನಡುವೆ ಒಂದು ಮಣ್ಣಿನ ಕಂಬವನ್ನು ಹಾಗೆಯೇ ಉಳಿಸುತ್ತಿದ್ದರು; ಕೂಲಿಯ ಲೆಕ್ಕವಾದ ಮೇಲೆ ಅದನ್ನೂ ಕಡಿಯುತ್ತಿದ್ದರು. ಕೆರೆ ಕಟ್ಟಿಸಿದವರ ಹೆಸರು ಶಿಲಾಶಾಸನಗಳಲ್ಲಿ ಉಳಿಯಿತು. ಕಟ್ಟಿದವರ ಹೆಸರು ಆ ಮಣ್ಣಿನ ಕಂಬದಂತೆ ಅಳಿಯಿತು.

ಪೋರುಮಾಮಿಳ್ಳದ ಕಲ್ಲು

ಕೆರೆ ಕಟ್ಟುವ ಶಾಸ್ತ್ರವನ್ನು ವಿವರವಾಗಿ ಹೇಳುವ ಶಾಸನವೊಂದು ಇಂದಿನ ಆಂಧ್ರಪ್ರದೇಶದ ಪೋರುಮಾಮಿಳ್ಳದಲ್ಲಿದೆ. ವಿಜಯನಗರದ ಒಂದನೆಯ ಬುಕ್ಕನ ಮಗ ಭಾಸ್ಕರನು 1369ರಲ್ಲಿ ಅದನ್ನು ಬರೆಯಿಸಿದನು. ದಿನವೂ ಸಾವಿರ ಆಳುಗಳು, ಕಲ್ಲು ಸಾಗಿಸಲು ನೂರು ಬಂಡಿಗಳು, ಎರಡು ವರುಷಗಳ ದುಡಿಮೆ ಎಂದು ಲೆಕ್ಕ ಕೊಟ್ಟು, ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಅದು ಎಣಿಸುತ್ತದೆ. ಒಡ್ಡಿನಿಂದ ನೀರು ಜಿನುಗುವುದು, ಸವಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯಂಗಳದ ನಡುವೆ ಉಬ್ಬು, ಅಲ್ಪ ನೀರಿಗೆ ಅಧಿಕ ಭೂಮಿ, ಅಧಿಕ ನೀರಿಗೆ ಅಲ್ಪ ಭೂಮಿ ಇವೇ ಆ ಆರು ದೋಷಗಳು.

ಇವುಗಳಲ್ಲಿ ಮೂರನೆಯ ದೋಷವನ್ನು ನಮ್ಮ ಸೀಮೆಯವರು ವಿಶೇಷವಾಗಿ ಯೋಚಿಸಬೇಕು. ಜಮಖಂಡಿ, ಮುಧೋಳ, ಸಾಂಗಲಿ, ಬ್ರಿಟಿಷ್ ಸರಕಾರ ಹೀಗೆ ನಾಲ್ಕು ಒಡೆತನಗಳು ಒಂದರೊಳಗೊಂದು ಹೆಣೆದುಕೊಂಡಿದ್ದ ನೆಲದಲ್ಲಿ ಮಳೆಯ ನೀರು ಬೀಳುವ ದಿಬ್ಬ ಒಬ್ಬರದು, ನೀರು ನಿಲ್ಲುವ ತಗ್ಗು ಮತ್ತೊಬ್ಬರದು, ಅದನ್ನು ಉಣ್ಣಬೇಕಾದ ಹೊಲ ಮೂರನೆಯವರದು ಆಗುವುದು ಸಹಜ. ನೀರು ಗಡಿಯನ್ನು ಅರಿಯದು. ಕರವಸೂಲಿಯವನು ಗಡಿಯನ್ನು ಬಿಟ್ಟು ಬೇರೇನನ್ನೂ ಅರಿಯನು. ಇಂದು ಸಂಸ್ಥಾನಗಳಿಲ್ಲ. ಆದರೆ ಹೊಲದ ಬದುವಿನ ಗಡಿ, ಜಾತಿಯ ಗಡಿ, ಪಕ್ಷದ ಗಡಿ ಇನ್ನೂ ಉಳಿದಿವೆ. ಕಲ್ಲಿನಲ್ಲಿ ಬರೆದ ದೋಷ ಅದೇ ರೂಪದಲ್ಲಿ ಮರಳಬೇಕೆಂದೇನೂ ಇಲ್ಲ.

ರಾಯನ ಕೆರೆ

ವಿಜಯನಗರದ ಕಾಲದ ಮತ್ತೊಂದು ಪ್ರಸಂಗವೂ ಇಲ್ಲಿ ಸ್ಮರಣೀಯ. ಕೃಷ್ಣದೇವರಾಯನು ಇಂದಿನ ಹೊಸಪೇಟೆಯ ಬಳಿ ಎರಡು ಬೆಟ್ಟಗಳ ನಡುವೆ ಮಹಾಸರೋವರವೊಂದನ್ನು ಕಟ್ಟಿಸುತ್ತಿದ್ದುದನ್ನು 1520ರ ಸುಮಾರಿನಲ್ಲಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕಣ್ಣಾರೆ ಕಂಡನು. ಹದಿನೈದರಿಂದ ಇಪ್ಪತ್ತು ಸಾವಿರ ಜನ ನೆಲವೇ ಕಾಣದಂತೆ ಇರುವೆಗಳ ಹಾಗೆ ದುಡಿಯುತ್ತಿದ್ದರೆಂದು ಅವನು ಬರೆದಿದ್ದಾನೆ. ಅದೇ ಕೆರೆಯ ವಿಷಯವಾಗಿ ಫೆರ್ನಾವೊ ನೂನಿಜ್ ಹೇಳುವ ಪ್ರಕಾರ, ಗೋವೆಯಿಂದ ಜೊವಾವೊ ದೆಲ್ಲ ಪೋಂತೆ ಎಂಬ ಪೋರ್ಚುಗೀಸ್ ಕಲ್ಲುಕುಟಿಗನನ್ನು ರಾಯನು ಕರೆಯಿಸಿಕೊಂಡನು. ಆ ಕುಶಲಿಯು ಸುಣ್ಣ ಸಿದ್ಧಪಡಿಸಿರೆಂದಾಗ ರಾಯನು ನಕ್ಕನಂತೆ. ಬಂಡೆಗಳನ್ನು ಕಣಿವೆಗೆ ಉರುಳಿಸಿ ತುಂಬಿಸಿದರೆ ಹಗಲು ಕಟ್ಟಿದ್ದು ಇರುಳು ಕುಸಿಯಿತು. ದೇವತೆ ರಕ್ತ ಬೇಡುತ್ತಾಳೆಂದು ತಿಳಿದವರು ಹೇಳಿದರು. ಮರಣದಂಡನೆಗೆ ಗುರಿಯಾಗಿದ್ದ ಸೆರೆಯಾಳುಗಳ ತಲೆ ಕಡಿಯಿಸಲಾಯಿತು.

ನಮ್ಮ ಜನಪದದ ‘ಕೆರೆಗೆ ಹಾರ’ ಹಾಡಿನ ಭಾಗೀರಥಿಯ ಕಥೆಯೂ ಇದೇ ನಂಬಿಕೆಯ ನೆರಳಿನಲ್ಲಿ ಹುಟ್ಟಿದ್ದು. ನೀರು ಬಾರದ ಕೆರೆಗೆ ಮನೆಯ ಕಿರಿಯ ಸೊಸೆಯನ್ನು ಆಹುತಿ ಕೊಟ್ಟ ಕಥೆಯನ್ನು ಹೆಂಗಸರು ಕಣ್ಣೀರಿನೊಡನೆ ಹಾಡಿ ಉಳಿಸಿಕೊಂಡರೇ ಹೊರತು ಹೆಮ್ಮೆಯಿಂದಲ್ಲ. ಕುಸಿಯುವ ಒಡ್ಡು ಕೇಳುವುದು ಸರಿಯಾದ ತಳಪಾಯವನ್ನು, ತುಳಿದು ಗಟ್ಟಿಯಾದ ಪದರವನ್ನು, ಸಾಕಷ್ಟು ಅಗಲವಾದ ಕೋಡಿಯನ್ನು. ಅದನ್ನು ಕೊಡಲಾಗದಾಗ ಮನುಷ್ಯನು ಬಲಹೀನನನ್ನು ಹುಡುಕಿ ಬಲಿ ಕೊಡುತ್ತಾನೆ. ದೇವರ ಹೆಸರಿನಲ್ಲಿ ನಡೆದರೂ ಅದು ಮನುಷ್ಯನ ಕೃತ್ಯವೇ ಸರಿ.

ಆದರೂ ರಾಯನ ಆಡಳಿತದ ಒಂದು ವಿವೇಕವನ್ನು ನೂನಿಜ್ ದಾಖಲಿಸಿದ್ದಾನೆ. ಆ ಕೆರೆಯ ನೀರುಣ್ಣುವ ಭೂಮಿಯನ್ನು ಸಾಗುವಳಿಗೆ ತರುವವರಿಗೆ ಒಂಬತ್ತು ವರುಷ ತೆರಿಗೆಯಿಲ್ಲವೆಂದು ಅರಸನು ಆಜ್ಞೆ ಮಾಡಿದ್ದನು. ನೀರು ಕೊಡುವುದರೊಡನೆ ನೀರನ್ನು ಬಾಳಿಸಲು ಅವಕಾಶವನ್ನೂ ಕೊಡಬೇಕೆಂಬುದು ಅವನಿಗೆ ತಿಳಿದಿತ್ತು.

ಕಾಯುವುದಕ್ಕೆ ಕೊಟ್ಟ ಭೂಮಿ

ಕರ್ನಾಟಕದ ಶಾಸನಗಳನ್ನು ಓದುವವರಿಗೆ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ಮಾತುಗಳು ಮತ್ತೆ ಮತ್ತೆ ಎದುರಾಗುತ್ತವೆ. ಇವೆಲ್ಲ ಕೆರೆಯನ್ನು ಕಟ್ಟಿದವರಿಗೆ, ಜೀರ್ಣೋದ್ಧಾರ ಮಾಡಿದವರಿಗೆ ಅಥವಾ ಕಾಯುವವರಿಗೆ ಬಿಟ್ಟ ಭೂಮಿಯ, ಬೆಳೆಯ ಪಾಲಿನ ಹೆಸರುಗಳು. ಹೂಳು ಹೊರುವ ಬಂಡಿಗೂ ಅದರ ಎತ್ತುಕೋಣಗಳಿಗೂ ದತ್ತಿ ಬಿಟ್ಟ ಶಾಸನಗಳಿವೆ. ಕೆರೆ ಕಟ್ಟಿಸಿದ ಪುಣ್ಯವನ್ನು ಹೊಗಳುವ ಅದೇ ಕಲ್ಲು, ಆ ಕೆರೆಯ ಹೂಳನ್ನು ಎತ್ತುವ ವೆಚ್ಚ ಎಲ್ಲಿಂದ ಬರಬೇಕೆಂಬುದನ್ನೂ ಹೇಳುತ್ತದೆ. ನಮ್ಮ ಜಿಲ್ಲೆಯ ಬಾದಾಮಿಯಲ್ಲಿ ಬೆಟ್ಟದ ನೀರನ್ನು ತಡೆದು ನಿಲ್ಲಿಸಿದ ಅಗಸ್ತ್ಯತೀರ್ಥವು ಚಾಲುಕ್ಯರು ಹೋದ ಮೇಲೂ ಉಳಿದದ್ದು ಕಲ್ಲಿನ ಗಟ್ಟಿತನದಿಂದ ಮಾತ್ರವಲ್ಲ. ಆ ನೀರನ್ನು ಊರು ಬಳಸುತ್ತ ಬಂತು.

ಈ ಏರ್ಪಾಡು ಕ್ರಮೇಣ ಸಡಿಲವಾಯಿತು. ಭೂಕಂದಾಯವನ್ನು ನಗದಿನಲ್ಲಿ ಕಟ್ಟಬೇಕಾದಾಗ, ಮಾನ್ಯದ ಭೂಮಿಗಳು ಕಂದಾಯಕ್ಕೆ ಒಳಪಟ್ಟಾಗ, ಕೆರೆಗಳು ಸರಕಾರದ ಇಲಾಖೆಯ ಲೆಕ್ಕಕ್ಕೆ ಸೇರಿದಾಗ ಹೂಳೆತ್ತುವ ಕರ್ತವ್ಯ ಊರಿನ ಹೆಗಲಿನಿಂದ ಜಾರಿತು. ಕರ್ನಾಟಕದಲ್ಲಿ ಸುಮಾರು 36,000 ಕೆರೆಗಳಿವೆಯೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅವುಗಳಲ್ಲಿ ಎಷ್ಟೋ ಕೆರೆಗಳು ಇಂದು ಹೂಳಿನ ಬಟ್ಟಲುಗಳು. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ ಜಲ ಸಂವರ್ಧನೆ ಯೋಜನೆಯು ಕೆರೆ ಬಳಕೆದಾರರ ಸಂಘಗಳನ್ನು ರಚಿಸಿ, ಪಾಲನೆಯನ್ನು ಊರಿನವರಿಗೆ ಮರಳಿಸಲು ಯತ್ನಿಸಿತು. ಶತಮಾನಗಳ ಹಿಂದೆ ಕಲ್ಲಿನಲ್ಲಿ ಬರೆದಿದ್ದನ್ನು ಕಾಗದದಲ್ಲಿ ಮತ್ತೆ ಬರೆಯಬೇಕಾಯಿತು.

ಪಾಲನೆ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಪೆನ್ಸಿಲ್ವೇನಿಯದ ಒಂದು ಘಟನೆ ಸಾಕು. ಸೌತ್ ಫೋರ್ಕ್ ಎಂಬಲ್ಲಿನ ಮಣ್ಣಿನ ಅಣೆಕಟ್ಟೆಯು ಸಿರಿವಂತರ ವಿಹಾರ ಸಂಘವೊಂದರ ವಶದಲ್ಲಿತ್ತು. ಸಾರೋಟುಗಳು ಸಲೀಸಾಗಿ ಹೋಗಲೆಂದು ಒಡ್ಡಿನ ನೆತ್ತಿಯನ್ನು ತಗ್ಗಿಸಿದರು. ಮೀನುಗಳು ತಪ್ಪಿಸಿಕೊಳ್ಳದಿರಲೆಂದು ಕೋಡಿಗೆ ಜಾಲರಿ ಹಾಕಿದರು. ತಳದ ತೂಬಿನ ಕೊಳವೆಗಳು ಮೊದಲೇ ಮಾಯವಾಗಿದ್ದವು. 1889ರ ಮೇ 31ರಂದು ಮಳೆನೀರು ಒಡ್ಡಿನ ತಲೆಯ ಮೇಲೆ ಹರಿದು ಅದು ಒಡೆಯಿತು. ಕೆಳಗಿನ ಜಾನ್ಸ್‌ಟೌನ್ ಪಟ್ಟಣದಲ್ಲಿ 2,200ಕ್ಕೂ ಹೆಚ್ಚು ಜನ ಮಡಿದರು. ಮೀನಿನ ಚಿಂತೆ ಮಾಡಿದವರು ಮೇಲಿದ್ದರು, ಪ್ರಾಣ ತೆತ್ತವರು ಕೆಳಗಿದ್ದರು. ನಮ್ಮ ನೆರೆಯ ಪುಣೆಯವರು 1961ರ ಜುಲೈ 12ರಂದು ಪಾನಶೇತದ ಮಣ್ಣಿನ ಅಣೆಕಟ್ಟು ಒಡೆದುದನ್ನು ಇಂದಿಗೂ ಮರೆತಿಲ್ಲ.

ಕಾಲುವೆ ಬಂದ ಮೇಲೆ

ನಮ್ಮ ಸೀಮೆಗೆ ದೊಡ್ಡ ನೀರು ಬಂದದ್ದು ಘಟಪ್ರಭೆಯಿಂದ. ಗೋಕಾಕದ ಬಳಿ ಧೂಪದಾಳದಲ್ಲಿ 1897ರಲ್ಲಿ ಕಟ್ಟಿದ ಒಡ್ಡಿನಿಂದ ಮೊದಲಾದ ಕೆಲಸವು ಸ್ವಾತಂತ್ರ್ಯಾನಂತರ ಎಡದಂಡೆ ಕಾಲುವೆಯಾಗಿ ಬೆಳೆದು ಮುಧೋಳ, ಜಮಖಂಡಿ, ಬೀಳಗಿಗಳ ಹೊಲಗಳನ್ನು ಮುಟ್ಟಿತು. 1977ರಲ್ಲಿ ಪೂರ್ಣಗೊಂಡ ಹಿಡಕಲ್ಲಿನ ರಾಜಾ ಲಖಮಗೌಡ ಜಲಾಶಯವು ಸುಮಾರು 51 ಟಿ.ಎಂ.ಸಿ. ಅಡಿ ನೀರನ್ನು ಹಿಡಿಯುತ್ತದೆ. ಹತ್ತು ಕಿಲೋಮೀಟರಿಗೂ ಮಿಕ್ಕ ಆ ಅಣೆಕಟ್ಟಿನ ಬಹುಭಾಗ ಮಣ್ಣಿನ ಒಡ್ಡೇ ಎಂಬುದು ಅನೇಕರಿಗೆ ತಿಳಿಯದು. ಇಷ್ಟು ದೊಡ್ಡ ಅಣೆಕಟ್ಟೂ ಊರ ಕೆರೆಯ ಒಡ್ಡಿನ ನಿಯಮಗಳಿಗೆ ಅಧೀನವೇ.

ಕಾಲುವೆಯ ನೀರು ಕಬ್ಬನ್ನು ತಂದಿತು, ಸಕ್ಕರೆ ಕಾರಖಾನೆಗಳನ್ನು ತಂದಿತು, ಎಷ್ಟೋ ಮನೆಗಳಿಗೆ ಹಂಚನ್ನೂ ಮಕ್ಕಳಿಗೆ ವಿದ್ಯೆಯನ್ನೂ ತಂದಿತು. ಜೊತೆಗೆ ಪೋರುಮಾಮಿಳ್ಳದ ಕಲ್ಲು ಹೆಸರಿಸಿದ ದೋಷಗಳನ್ನೂ ತಂದಿತು. ಹದವರಿಯದೆ ಹಾಯಿಸಿದ ನೀರು ಎರೆ ಭೂಮಿಯಲ್ಲಿ ನಿಂತು ಸವಳು-ಜವಳಾಯಿತು. ಬಿಳಿಯ ಉಪ್ಪು ಮೇಲಕ್ಕೆದ್ದು ಬೆಳೆ ನಿಲ್ಲದ ಹೊಲಗಳು ಹುಟ್ಟಿದವು. ಇತ್ತ ಕಾಲುವೆ ಮುಟ್ಟದ ದಿಬ್ಬದ ಊರುಗಳಲ್ಲಿ ಅಲ್ಪ ನೀರು, ಅಧಿಕ ಭೂಮಿ. ಅತ್ತ ತಗ್ಗಿನ ಊರುಗಳಲ್ಲಿ ಅಧಿಕ ನೀರು, ಅಲ್ಪ ಭೂಮಿ. ಆಲಮಟ್ಟಿಯ ಜಲಾಶಯ ತುಂಬಿದಾಗ ಬೀಳಗಿಯ ಕಡೆಯ ಹಳ್ಳಿಗಳೂ ಬಾಗಲಕೋಟೆಯ ಹಳೆಯ ಪೇಟೆಯೂ ಹಿನ್ನೀರಿಗೆ ನೆಲ ತೆತ್ತವು. ಒಬ್ಬನ ಹೊಲಕ್ಕೆ ಬರುವ ನೀರಿನಲ್ಲಿ ಮತ್ತೊಬ್ಬನ ಮನೆಯ ಹೊಸ್ತಿಲು ಮುಳುಗಿದೆಯೆಂಬ ನೆನಪು ನೀರು ಕುಡಿಯುವವರಿಗೆ ಇರಬೇಕು.

ಚಿಕ್ಕಪಡಸಲಗಿಯ ಸಾಕ್ಷಿ

ನಮ್ಮ ಕಾಲದಲ್ಲಿಯೇ ನಮ್ಮ ಜನರು ಪೂರ್ವಿಕರ ದಾರಿಯನ್ನು ಮತ್ತೊಮ್ಮೆ ಹಿಡಿದ ಪ್ರಸಂಗ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯದು. ಬೇಸಿಗೆಯಲ್ಲಿ ಕೃಷ್ಣೆ ಬತ್ತಿ ದಂಡೆಯ ಪಂಪುಗಳು ನಿಂತುಹೋಗುತ್ತಿದ್ದ ಕಾಲದಲ್ಲಿ ರೈತರು ಸರಕಾರದ ಹಣಕ್ಕಾಗಿ ಕಾಯುವುದನ್ನು ಬಿಟ್ಟು, ಸಿದ್ದು ನ್ಯಾಮಗೌಡರ ನೇತೃತ್ವದಲ್ಲಿ ಕೂಡಿಕೊಂಡು, ತಮ್ಮ ವಂತಿಗೆ ಮತ್ತು ಶ್ರಮದಾನದಿಂದ 1989ರಲ್ಲಿ ಹೊಳೆಗೆ ಅಡ್ಡವಾಗಿ ಬ್ಯಾರೇಜು ಕಟ್ಟಿದರು. ಇದು ಕಲ್ಲುಗಾರೆಯ ಕೆಲಸ, ಮಣ್ಣಿನ ಒಡ್ಡಲ್ಲ. ಆದರೆ ಕಟ್ಟಿದ ಮನಸ್ಸು ಊರ ಕೆರೆಯ ಮನಸ್ಸೇ. ಬೆವರಿನ ಹನಿಗಳಿಂದ ತುಂಬಿದ ಸಾಗರವೆಂದು ಅದಕ್ಕೆ ಶ್ರಮಬಿಂದು ಸಾಗರ ಎಂದೇ ಹೆಸರಾಯಿತು. ಬ್ಯಾರೇಜ್ ಸಿದ್ದು ಎಂದೇ ಪ್ರಸಿದ್ಧರಾದ ನ್ಯಾಮಗೌಡರು 1991ರ ಲೋಕಸಭಾ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನು ಬಾಗಲಕೋಟೆ ಕ್ಷೇತ್ರದಲ್ಲಿ ಸೋಲಿಸಿ ಕೇಂದ್ರದಲ್ಲಿ ಸಚಿವರೂ ಆದರು. 2018ರ ಮೇ 28ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಬ್ಯಾರೇಜು ಕಟ್ಟಿದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದಕ್ಕಿಂತಲೂ ನನ್ನ ಗೌರವಕ್ಕೆ ಪಾತ್ರವಾದುದು ಆಮೇಲಿನ ಕಥೆ. ಬೇಸಿಗೆಯಲ್ಲಿ ಕೆಳಗಿರುವ ಆಲಮಟ್ಟಿಯ ಹಿನ್ನೀರನ್ನು ಪಂಪುಗಳಿಂದ ಮೇಲಕ್ಕೆತ್ತಿ ಬ್ಯಾರೇಜನ್ನು ತುಂಬಿಸುವ ಕೆಲಸವನ್ನೂ ಆ ರೈತರು ಮತ್ತೆ ವಂತಿಗೆ ಹಾಕಿಕೊಂಡೇ ಮಾಡಿದರು. ಉತ್ಸಾಹದಲ್ಲಿ ಒಮ್ಮೆ ಕಲ್ಲು ಹೊರುವುದು ಸುಲಭ. ಉತ್ಸಾಹ ಇಳಿದ ಮೇಲೆ ವರುಷ ವರುಷ ಪಾಲು ಕೊಡುವುದು ಕಷ್ಟ. ಬಿತ್ತುವಟ್ಟವೆಂದು ಶಾಸನಗಳು ಕರೆದದ್ದು ಈ ಕಷ್ಟದ ಕೆಲಸವನ್ನೇ.

ಉಪಸಂಹಾರ

ಒಡ್ಡಿನ ಪಾಲನೆಯಲ್ಲಿ ಮಹತ್ಕಾರ್ಯವೆಂಬುದು ಒಂದೂ ಇಲ್ಲ. ಮಳೆಗಾಲಕ್ಕೆ ಮುನ್ನ ಕೋಡಿಯ ಕಸ ತೆಗೆಯಬೇಕು. ಒಡ್ಡಿನ ಮೇಲೆ ಹುಟ್ಟಿದ ಜಾಲಿಯನ್ನು ಗಿಡವಾಗಿದ್ದಾಗಲೇ ಕೀಳಬೇಕು. ಮರವಾದ ಮೇಲೆ ಕಡಿದರೆ ಬೇರು ಕೊಳೆತು ಒಡ್ಡಿನೊಳಗೆ ಸುರಂಗವಾಗುತ್ತದೆ. ಹೆಗ್ಗಣದ, ಏಡಿಯ ಬಿಲಗಳನ್ನು ಮುಚ್ಚಬೇಕು. ಹೊರಮಗ್ಗುಲಿನ ಬುಡದಲ್ಲಿ ಜಿನುಗುವ ನೀರನ್ನು ಬೊಗಸೆಯಲ್ಲಿ ಹಿಡಿದು ನೋಡಬೇಕು. ತಿಳಿಯಾಗಿದ್ದರೆ ಕಣ್ಣಿಟ್ಟಿದ್ದರೆ ಸಾಕು. ಕೆಸರಾಗಿದ್ದರೆ ಒಡ್ಡಿನ ಒಳಗಿನ ಮಣ್ಣು ಕರಗಿ ಹೊರಟಿದೆಯೆಂದು ತಿಳಿದು ಅಂದೇ ಊರನ್ನು ಕೂಗಬೇಕು. ಬೇಸಿಗೆಯಲ್ಲಿ ಬತ್ತಿದ ಅಂಗಳದ ಹೂಳನ್ನು ಹೊಲಕ್ಕೆ ಹೊರಬೇಕು; ಕೆರೆಗೆ ಭಾರವಾದದ್ದು ಹೊಲಕ್ಕೆ ಗೊಬ್ಬರ.

ಇಷ್ಟನ್ನು ಮಾಡಿದವರ ಹೆಸರನ್ನು ಯಾರೂ ಕಲ್ಲಿನಲ್ಲಿ ಕೆತ್ತುವುದಿಲ್ಲ, ಉದ್ಘಾಟನೆಯ ನಾಡೆಯನ್ನೂ ಕತ್ತರಿಸುವುದಿಲ್ಲ. ಅವರು ತಮ್ಮ ಕೆಲಸವನ್ನು ಸರಿಯಾಗಿ ಮಾಡಿದರೆ ಏನೂ ಸಂಭವಿಸುವುದಿಲ್ಲ. ಏನೂ ಸಂಭವಿಸದಿರುವುದೇ ಅವರ ಕೀರ್ತಿ. ಡೋಗಿ ಬರದಲ್ಲಿ ಅಳಿದವರ, ಮಹಾಕ್ಷಾಮದಲ್ಲಿ ಊರು ಬಿಟ್ಟವರ ನೆಲದ ಮೇಲೆ ನಾವು ಬದುಕಿದ್ದೇವೆ. ನಮ್ಮ ಪೀಳಿಗೆಗೆ ಹೊಸದಾಗಿ ಕಟ್ಟುವ ಭಾಗ್ಯ ಸಿಕ್ಕಿದರೂ ಸಿಕ್ಕದಿದ್ದರೂ, ಕಟ್ಟಿದ್ದನ್ನು ಕಾಯುವ ಭಾಗ್ಯ ಸಿಕ್ಕೇ ಸಿಕ್ಕಿದೆ. ಈ ವರುಷದ ಮಳೆ ಬರುವ ಮೊದಲು ನಿಮ್ಮ ನಿಮ್ಮ ಊರಿನ ಕೆರೆಯ ಕೋಡಿಯನ್ನು ಒಮ್ಮೆ ನೋಡಿ ಬನ್ನಿರೆಂದು ವಾಚಕರಲ್ಲಿ ನನ್ನ ವಿನಂತಿ.